ಕಿರಣವೂ ಕಾವಲುಪಡೆಯೂ: ನಾಯಿಯ ಏಡಿಗಂತಿಗೆ ಜೋಡಿ ಚಿಕಿತ್ಸೆ

ಕಳೆದ ವರ್ಷದ ಮುಂಗಾರಿನಲ್ಲಿ, ತುರುವೇಕೆರೆಯ ನಮ್ಮ ಕಾಲೇಜಿನ ಬಾಗಿಲಲ್ಲಿ ಸದಾ ಮಲಗಿರುತ್ತಿದ್ದ ಕಂದುಬಣ್ಣದ ಹೆಣ್ಣುನಾಯಿಯೊಂದು ಕಾಯಿಲೆ ಬಿದ್ದಿತು. ಅದಕ್ಕೆ ಯಜಮಾನರೆಂಬವರಿಲ್ಲ; ಬುತ್ತಿ ಬಿಚ್ಚುವ ವಿದ್ಯಾರ್ಥಿಗಳೆಲ್ಲರೂ ಯಜಮಾನರೆ. ಅದು ಮಲಗೆದ್ದ ಕಡೆಯಲ್ಲೆಲ್ಲ ರಕ್ತದ ಕಲೆ ಕಾಣತೊಡಗಿತು. ಹಿಂಭಾಗದಲ್ಲಿ ಹೂಕೋಸಿನ ತುಣುಕಿನಂತಹ ಕೆಂಪು ಗೆಡ್ಡೆಯೊಂದು ಬೆಳೆದಿತ್ತು. ಇಬ್ಬರು ವಿದ್ಯಾರ್ಥಿಗಳು ಅದನ್ನು ಗೋಣಿತಾಟಿನಲ್ಲಿ ಸುತ್ತಿ ಆಟೋರಿಕ್ಷಾದಲ್ಲಿ ಪಶು ಆಸ್ಪತ್ರೆಗೆ ಒಯ್ದರು. ವೈದ್ಯರು ಗಾಜಿನ ಪಟ್ಟಿಯೊಂದನ್ನು ಗೆಡ್ಡೆಗೆ ಒತ್ತಿ, ಅದಕ್ಕೆ ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ನಾಯಿಯಿಂದ ನಾಯಿಗೆ ಅಂಟುವ ಏಡಿಗಂತಿ ಎಂದರು. ಮರುದಿನ ತರಗತಿಯಲ್ಲಿ ಅವರಲ್ಲೊಬ್ಬ ಎದ್ದು ನಿಂತು, “ಸಾರ್, ವಿಕಿರಣದಿಂದ ಕ್ಯಾನ್ಸರನ್ನು ಸುಡುತ್ತಾರೆಂದು ತಾವೇ ಪಾಠ ಹೇಳಿದ್ದಿರಿ. ನಮ್ಮ ನಾಯಿಗೂ ಹಾಗೆ ಮಾಡಿಸಬಹುದಲ್ಲವೆ?” ಎಂದು ಕೇಳಿದ.

‘ಸುಡುತ್ತಾರೆ’ ಎಂಬ ಮಾತು ನನ್ನದೇ ಆಗಿದ್ದಿತು. ಮತ್ತು ಅದು ತಪ್ಪಾಗಿದ್ದಿತು. ಆ ತಪ್ಪನ್ನು ತಿದ್ದಹೊರಟಾಗ ಈ ಲೇಖನ ಹುಟ್ಟಿತು.

ಏಡಿಗಂತಿ ಅಥವಾ ಕ್ಯಾನ್ಸರ್ ಮನುಷ್ಯನಿಗೆ ಮಾತ್ರ ಬರುವ ರೋಗವಲ್ಲ. ನಾಯಿಗಳಲ್ಲಿ, ಅದರಲ್ಲಿಯೂ ವಯಸ್ಸಾದ ನಾಯಿಗಳಲ್ಲಿ, ಅದು ಬಲು ಸಾಮಾನ್ಯ. ಬಾಯಿಯ ಕಪ್ಪುಗಂತಿ, ದೊಡ್ಡ ತಳಿಗಳ ಕಾಲಿನ ಮೂಳೆಗಂತಿ, ಹಾಲುಗ್ರಂಥಿಗಳ ಗಂತಿ ಮೊದಲಾದವು ನಮ್ಮಲ್ಲಿ ಕಾಣುವಂತೆಯೇ ಅವುಗಳಲ್ಲಿಯೂ ತಾವಾಗಿ ಹುಟ್ಟಿ, ತಾವಾಗಿ ಹರಡುತ್ತವೆ. ಪ್ರಯೋಗಶಾಲೆಯ ಇಲಿಗೆ ಗೆಡ್ಡೆಯನ್ನು ನಾವು ನೆಡಬೇಕು, ನಾಯಿಗೆ ಹಾಗಲ್ಲ. ಅದು ನಮ್ಮ ಮನೆಯಲ್ಲಿಯೇ ಇದ್ದು, ನಮ್ಮ ಗಾಳಿಯನ್ನೇ ಉಸಿರಾಡಿ, ನಮ್ಮ ಅನ್ನದ ಪಾಲನ್ನೇ ತಿಂದು ರೋಗಕ್ಕೆ ಈಡಾಗುತ್ತದೆ. ಅದರ ದೇಹರಕ್ಷಣೆಯ ವ್ಯವಸ್ಥೆಯೂ ಪೂರ್ಣವಾಗಿದ್ದು ನಮ್ಮದನ್ನು ಬಹುಮಟ್ಟಿಗೆ ಹೋಲುತ್ತದೆ. ಈ ಕಾರಣದಿಂದ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು ೨೦೦೩ರಲ್ಲಿ, ಸಾಕುಪ್ರಾಣಿಗಳ ಏಡಿಗಂತಿಯನ್ನೂ ಮನುಷ್ಯರದನ್ನೂ ಜೊತೆಗಿಟ್ಟು ಅಭ್ಯಸಿಸುವ ಕಾರ್ಯಕ್ರಮವೊಂದನ್ನು ಆರಂಭಿಸಿತು. ನಾಯಿಗೆ ದೊರೆತ ಚಿಕಿತ್ಸೆಯಿಂದ ಮನುಷ್ಯನೂ ಕಲಿಯುತ್ತಾನೆ. ಮನುಷ್ಯನಿಗಾಗಿ ಕಂಡುಹಿಡಿದ ಔಷಧದಿಂದ ನಾಯಿಯೂ ಬದುಕುತ್ತದೆ.

ನಮ್ಮ ಕಾಲೇಜಿನ ನಾಯಿಗೆ ಬಂದ ಗಂತಿಯಾದರೋ ಈ ಎಲ್ಲವುಗಳಿಗಿಂತ ವಿಚಿತ್ರವಾದುದು. ಸಾಮಾನ್ಯವಾಗಿ ಏಡಿಗಂತಿಯ ಜೀವಕೋಶಗಳು ಆಯಾ ಪ್ರಾಣಿಯ ಸ್ವಂತ ಕೋಶಗಳೇ ದಾರಿ ತಪ್ಪಿದವು. ಆದರೆ ಈ ಗಂತಿಯ ಕೋಶಗಳು ಆ ನಾಯಿಯವಲ್ಲವೇ ಅಲ್ಲ! ಸಹಸ್ರಾರು ವರ್ಷಗಳ ಹಿಂದೆ ಎಲ್ಲಿಯೋ ಬದುಕಿದ್ದ ಒಂದೇ ಒಂದು ನಾಯಿಯ ಗೆಡ್ಡೆಯಿಂದ ಹೊರಟ ಕೋಶಗಳು, ಕೂಡುವಾಗ, ಮೂಸುವಾಗ, ನೆಕ್ಕುವಾಗ ಒಂದು ಮೈಯಿಂದ ಇನ್ನೊಂದು ಮೈಗೆ ದಾಟುತ್ತ ಇಂದಿಗೂ ಬದುಕಿವೆ. ೨೦೧೯ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ಮೂಲನಾಯಿ ೪,೦೦೦ದಿಂದ ೮,೫೦೦ ವರ್ಷಗಳ ಹಿಂದೆ ಏಷ್ಯಾ ಖಂಡದಲ್ಲಿ ಇದ್ದಿತು. ನಾಯಿಯ ಕೋಶದಲ್ಲಿ ೭೮ ವರ್ಣತಂತುಗಳಿದ್ದರೆ ಈ ಗಂತಿಯ ಕೋಶದಲ್ಲಿ ಅರವತ್ತರ ಆಸುಪಾಸು ಮಾತ್ರ. ೧೮೭೬ರಲ್ಲಿ ರಷ್ಯದ ಪಶುವೈದ್ಯ ನೊವಿನ್‌ಸ್ಕಿ ಗೆಡ್ಡೆಯ ಚೂರನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ನೆಟ್ಟು ಬೆಳೆಸಿ ತೋರಿಸಿದಾಗ, ಏಡಿಗಂತಿಯ ಪ್ರಾಯೋಗಿಕ ಅಧ್ಯಯನಕ್ಕೇ ಅದು ಮೊದಲ ಹೆಜ್ಜೆಗಳಲ್ಲೊಂದಾಯಿತು.

ಇಲ್ಲೊಂದು ಪ್ರಶ್ನೆ ಏಳಬೇಕು. ಪರಕೀಯ ಕೋಶವು ಮೈಯನ್ನು ಹೊಕ್ಕರೆ ದೇಹದ ಕಾವಲುಪಡೆ ಅದನ್ನು ಹೊಡೆದುಹಾಕಬೇಕಲ್ಲ? ಬೇರೊಬ್ಬರ ಮೂತ್ರಪಿಂಡವನ್ನು ಜೋಡಿಸಿದರೆ ದೇಹ ಅದನ್ನು ತಿರಸ್ಕರಿಸಲು ಹೊರಡುವುದು ಈ ಕಾರಣದಿಂದಲೇ ಅಲ್ಲವೆ? ಹಾಗಿದ್ದೂ ಈ ಗಂತಿ ಹೇಗೆ ಬೆಳೆಯುತ್ತದೆ? ಉತ್ತರ ಸ್ವಾರಸ್ಯವಾಗಿದೆ. ಪ್ರತಿಯೊಂದು ಕೋಶವೂ ತನ್ನ ಹೊರಮೈಯಲ್ಲಿ ಒಂದು ಬಗೆಯ ಗುರುತುಚೀಟಿಗಳನ್ನು ಹೊತ್ತಿರುತ್ತದೆ; ಕಾವಲಿನ ಟಿ-ಕೋಶಗಳು ಆ ಚೀಟಿಗಳನ್ನು ಓದಿ ಸ್ವಕೀಯ, ಪರಕೀಯ ಎಂದು ನಿರ್ಧರಿಸುತ್ತವೆ. ಈ ಗಂತಿಯ ಕೋಶಗಳು ಬೆಳೆಯುವ ಕಾಲದಲ್ಲಿ ತಮ್ಮ ಚೀಟಿಗಳನ್ನು ಬಹುಮಟ್ಟಿಗೆ ಅಡಗಿಸಿಬಿಡುತ್ತವೆ. ಮುಂದೆ ಕೆಲವು ತಿಂಗಳಾದ ಮೇಲೆ, ಆರೋಗ್ಯವಾದ ನಾಯಿಯಲ್ಲಿ, ಗೆಡ್ಡೆಯೊಳಕ್ಕೆ ನುಗ್ಗಿದ ರಕ್ಷಣಾಕೋಶಗಳ ಒತ್ತಡದಿಂದ ಆ ಚೀಟಿಗಳು ಮತ್ತೆ ಹೊರಬೀಳುವುದುಂಟು. ಆಗ ಗೆಡ್ಡೆ ತಾನಾಗಿಯೇ ಕರಗುವುದೂ ಉಂಟು. ಬಡಕಲು ನಾಯಿಗಳಲ್ಲಿಯೂ ಮರಿಗಳಲ್ಲಿಯೂ ಮಾತ್ರ ಅದು ದೇಹವನ್ನೆಲ್ಲ ವ್ಯಾಪಿಸುವ ಅಪಾಯ ಹೆಚ್ಚು.

ಇನ್ನು ವಿಕಿರಣದ ವಿಚಾರ. ಇದು ನನ್ನ ಸ್ವಂತ ಹೊಲವಾದ್ದರಿಂದ ವಾಚಕರು ಇಲ್ಲಿ ಸ್ವಲ್ಪ ತಾಳ್ಮೆಯಿಂದ ನಿಲ್ಲಬೇಕು.

ವಿಕಿರಣದ ಪ್ರಮಾಣವನ್ನು ‘ಗ್ರೇ’ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಕಿಲೋಗ್ರಾಂ ವಸ್ತು ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ಮನುಷ್ಯನ ಇಡೀ ದೇಹಕ್ಕೆ ಒಮ್ಮೆಲೇ ೪ ಗ್ರೇ ಬಿದ್ದರೆ, ಚಿಕಿತ್ಸೆಯಿಲ್ಲದಿದ್ದಲ್ಲಿ ಅರ್ಧದಷ್ಟು ಜನ ಸಾಯುತ್ತಾರೆ. ಇದು ಎಷ್ಟು ಶಾಖ? ೬೦ ಕಿಲೋಗ್ರಾಂ ತೂಕದವನಿಗೆ ೪ ಗ್ರೇ ಎಂದರೆ ೨೪೦ ಜೂಲ್. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು ಸುಮಾರು ೪.೨ ಜೂಲ್ ಬೇಕು. ೬೦ ಡಿಗ್ರಿಯ ಕಾಫಿ ಮೈಯ ೩೭ ಡಿಗ್ರಿಗೆ ಇಳಿಯುವಾಗ ಪ್ರತಿ ಗ್ರಾಮಿಗೆ ಸುಮಾರು ೯೬ ಜೂಲ್ ಬಿಟ್ಟುಕೊಡುತ್ತದೆ. ಅಂದರೆ ೨೪೦ ಜೂಲ್ ಎಂಬುದು ಎರಡೂವರೆ ಗ್ರಾಂ, ಎಂದರೆ ಅರ್ಧ ಚಮಚೆ ಕಾಫಿಯ ಬಿಸಿ! ಅದರಿಂದ ಮೈಯ ಉಷ್ಣತೆ ಏರುವುದು ಒಂದು ಡಿಗ್ರಿಯ ಸಾವಿರದಲ್ಲೊಂದು ಭಾಗ. ಆದ್ದರಿಂದ ವಿಕಿರಣವು ಸುಡುವುದಿಲ್ಲ. ಅರ್ಧ ಚಮಚೆ ಕಾಫಿಯಿಂದ ಯಾರೂ ಸತ್ತವರಿಲ್ಲ.

ಹಾಗಾದರೆ ಕೊಲ್ಲುವುದು ಯಾವುದು? ಶಕ್ತಿಯ ಮೊತ್ತವಲ್ಲ, ಅದು ಬೀಳುವ ರೀತಿ. ಕಾಫಿಯ ಬಿಸಿ ಕೋಟ್ಯನುಕೋಟಿ ಅಣುಗಳಿಗೆ ಸಮನಾಗಿ ಹಂಚಿಹೋಗುತ್ತದೆ. ಯಾವ ಅಣುವಿಗೂ ಅದು ಲೆಕ್ಕಕ್ಕೆ ಬಾರದಷ್ಟು ಅಲ್ಪ. ಗಾಮಾ ಕಿರಣದ ಶಕ್ತಿಯೋ ಗಂಟುಗಂಟಾಗಿ ಬಂದು ಬೀಳುತ್ತದೆ. ಕೋಬಾಲ್ಟ್-೬೦ ಧಾತುವಿನಿಂದ ಹೊರಡುವ ಕಿರಣದ ಒಂದೊಂದು ಕಣವೂ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟಿಗೂ ಮೀರಿದ ಶಕ್ತಿಯನ್ನು ಹೊತ್ತಿರುತ್ತದೆ. ಅದು ಎಲೆಕ್ಟ್ರಾನೊಂದನ್ನು ಬಡಿದು ಕೀಳುತ್ತದೆ; ಆ ಎಲೆಕ್ಟ್ರಾನು ಓಡುವ ದಾರಿಯಲ್ಲಿ ಇನ್ನೂ ಸಾವಿರಾರು ಎಲೆಕ್ಟ್ರಾನುಗಳನ್ನು ಕಿತ್ತು, ನೀರಿನ ಅಣುಗಳನ್ನು ಒಡೆದು, ಉಗ್ರವಾದ ರಾಸಾಯನಿಕ ತುಣುಕುಗಳನ್ನು ಹುಟ್ಟಿಸುತ್ತದೆ. ಇವುಗಳ ಹೊಡೆತಕ್ಕೆ ಕೋಶದ ಡಿ.ಎನ್.ಎ. ಎಂಬ ಜೋಡಿ ಎಳೆಯ ಹಗ್ಗ ತುಂಡಾಗುತ್ತದೆ. ಒಂದು ಗ್ರೇ ವಿಕಿರಣದಿಂದ ಒಂದು ಕೋಶದಲ್ಲಿ ಒಂದೇ ಎಳೆ ಕತ್ತರಿಸುವುದು ಸುಮಾರು ಸಾವಿರ ಕಡೆ, ಎರಡೂ ಎಳೆಗಳು ಒಟ್ಟಿಗೆ ಕತ್ತರಿಸುವುದು ಮೂವತ್ತು ನಲವತ್ತು ಕಡೆ. ಮೊದಲನೆಯದನ್ನು ಕೋಶ ಹೊಸೆದು ಸರಿಪಡಿಸಿಕೊಳ್ಳಬಲ್ಲುದು, ಎರಡನೆಯದು ಕಷ್ಟ. ಕೋಶವಿಭಜನೆಯ ಹೊತ್ತಿಗೆ ಹಗ್ಗ ತುಂಡಾಗಿಯೇ ಉಳಿದರೆ ಆ ಕೋಶಕ್ಕೆ ಉಳಿವಿಲ್ಲ.

ಒಳ್ಳೆಯ ಮಾಂಸಕ್ಕೆ ಕಡಮೆ, ಗೆಡ್ಡೆಗೆ ಹೆಚ್ಚು ಬೀಳುವಂತೆ ಕಿರಣಗಳನ್ನು ಹಲವು ದಿಕ್ಕುಗಳಿಂದ ಹಾಯಿಸಿ ಗೆಡ್ಡೆಯಲ್ಲಿ ಸಂಧಿಸುವಂತೆ ಮಾಡುತ್ತಾರೆ. ಮನುಷ್ಯನಿಗಾದರೆ ದಿನಕ್ಕೆ ೨ ಗ್ರೇಯಂತೆ ಆರೇಳು ವಾರ ಕೊಡುವುದು ರೂಢಿ. ನಾಯಿಗೆ ಇಲ್ಲೊಂದು ತೊಡಕಿದೆ. “ಅಲುಗಾಡಬೇಡಮ್ಮ” ಎಂದರೆ ಅದು ಕೇಳುವುದಿಲ್ಲ! ಪ್ರತಿಬಾರಿಯೂ ಅರಿವಳಿಕೆ ಕೊಡಬೇಕು. ಮೂವತ್ತು ದಿನ ಅರಿವಳಿಕೆ ಎಂದರೆ ಮುದಿನಾಯಿ ತಾಳುವುದೆ? ಆದುದರಿಂದ ನಾಯಿಗಳಿಗೆ, ಮುಖ್ಯವಾಗಿ ನೋವು ಶಮನಕ್ಕೆಂದು, ವಾರಕ್ಕೊಮ್ಮೆ ೮ ಅಥವಾ ೯ ಗ್ರೇಯಂತಹ ದೊಡ್ಡ ತುತ್ತುಗಳನ್ನು ಮೂರು ನಾಲ್ಕು ಬಾರಿ ಮಾತ್ರ ಕೊಡುವ ಪದ್ಧತಿ ಬೆಳೆಯಿತು. ಅನುಕೂಲಕ್ಕಾಗಿ ಮಾಡಿಕೊಂಡ ಈ ಏರ್ಪಾಡು ಕಾವಲುಪಡೆಯನ್ನು ಎಚ್ಚರಿಸುವುದಕ್ಕೂ ಒದಗಿಬರಬಹುದೆಂಬುದು ಆಮೇಲೆ ಕಂಡ ಮಾತು.

ವಿಕಿರಣಕ್ಕೂ ಕಾವಲುಪಡೆಗೂ ನಂಟೇನು? ೧೯೫೩ರಲ್ಲಿ ಬ್ರಿಟನ್ನಿನ ವಿಜ್ಞಾನಿ ಆರ್. ಎಚ್. ಮೋಲ್ ಎಂಬಾತ ಒಂದು ಹೊಸ ಹೆಸರನ್ನು ಕಟ್ಟಿದ: ‘ಆಬ್‌ಸ್ಕೋಪಲ್’ ಪರಿಣಾಮ, ಗುರಿಯಿಂದ ಆಚೆಗೆ ಆಗುವ ಪರಿಣಾಮ ಎಂದರ್ಥ. ಒಂದು ಗೆಡ್ಡೆಗೆ ಕಿರಣ ಹಾಯಿಸಿದರೆ, ಕಿರಣವೇ ಸೋಕದ ಇನ್ನೊಂದು ಗೆಡ್ಡೆ ಕರಗುವ ಪ್ರಸಂಗಗಳು ಅಪರೂಪಕ್ಕೆ ಕಾಣುತ್ತಿದ್ದುವು. ಭೌತಶಾಸ್ತ್ರದಿಂದ ಇದಕ್ಕೆ ಸಮಾಧಾನವಿಲ್ಲ. ಕಿರಣ ನೇರವಾಗಿ ಹೋಗುವುದೇ ಹೊರತು ಮೂಲೆ ತಿರುಗುವುದಿಲ್ಲ. ತಿರುಗಿದುದು ಕಾವಲಿನ ಕೋಶಗಳು. ವಿಕಿರಣದಿಂದ ಸಾಯುವ ಗಂತಿಕೋಶ ಸುಮ್ಮನೆ ಸಾಯುವುದಿಲ್ಲ, ಬೊಬ್ಬೆಯಿಟ್ಟು ಸಾಯುತ್ತದೆ. ಅದರ ಒಡೆದ ಡಿ.ಎನ್.ಎ. ಚೂರುಗಳು ಕೋಶಕೇಂದ್ರದಿಂದ ಹೊರಬಿದ್ದು, ವೈರಸ್ಸು ನುಗ್ಗಿತೆಂಬ ಭ್ರಮೆಯನ್ನು ಹುಟ್ಟಿಸಿ, ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ರಸವನ್ನು ಸುರಿಸುತ್ತವೆ. ಸುತ್ತಲಿನ ಕೋಶಗಳು ಸತ್ತುದರ ತುಣುಕುಗಳನ್ನು ಹೊತ್ತೊಯ್ದು ದುಗ್ಧಗ್ರಂಥಿಯಲ್ಲಿ ಟಿ-ಕೋಶಗಳಿಗೆ ತೋರಿಸುತ್ತವೆ. ಹೀಗೆ ಪಾಠ ಕಲಿತ ಟಿ-ಕೋಶಗಳು ರಕ್ತದಲ್ಲಿ ಸಂಚರಿಸಿ ದೂರದ ಗೆಡ್ಡೆಯನ್ನೂ ಹುಡುಕಬಲ್ಲುವು.

ಇಷ್ಟಾದರೂ ಆ ಪರಿಣಾಮ ಅಪರೂಪವೇ ಏಕಾಯಿತು? ಟಿ-ಕೋಶಗಳಿಗೆ ತಡೆಗಳುಂಟು. ಕಾವಲುಗಾರ ಹುಚ್ಚೆದ್ದು ಮನೆಯವರನ್ನೇ ಹೊಡೆಯದಿರಲೆಂದು ದೇಹವೇ ಇಟ್ಟ ತಡೆಗಳವು. ಪಿಡಿ-೧ ಎಂಬುದು ಅಂಥದೊಂದು. ಗಂತಿಕೋಶಗಳು ಆ ತಡೆಯನ್ನು ಒತ್ತುವ ಕೈಯನ್ನು ತಮ್ಮ ಹೊರಮೈಯಲ್ಲಿ ಬೆಳೆಸಿಕೊಂಡು ಟಿ-ಕೋಶಗಳನ್ನು ಮಲಗಿಸಿಬಿಡುತ್ತವೆ. ವಿಕಿರಣ ಬಿದ್ದಾಗ ಆ ಕೈಗಳು ಇನ್ನೂ ಹೆಚ್ಚುವುದೂ ಉಂಟು. ಈ ತಡೆಗಳನ್ನು ಸಡಿಲಿಸುವ ಮಾರ್ಗವನ್ನು ತೋರಿಸಿದುದಕ್ಕಾಗಿ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ ೨೦೧೮ರ ನೊಬೆಲ್ ಬಹುಮಾನ ಬಂದಿತು. ವಿಕಿರಣವು ಕೂಗಿ ಎಬ್ಬಿಸಲಿ, ಔಷಧವು ತಡೆಯನ್ನು ಬಿಚ್ಚಲಿ ಎಂಬುದೇ ಜೋಡಿ ಚಿಕಿತ್ಸೆಯ ತಾತ್ಪರ್ಯ.

ನಮ್ಮ ಸೀಮೆಯ ವಿದ್ಯಾರ್ಥಿಗಳಿಗೆ ಇದನ್ನು ಹೇಳುವಾಗ ನಾನು ತೆಂಗಿನ ತೋಟಕ್ಕೆ ಹೋಗುತ್ತೇನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟದವರಿಗೆ ಕಪ್ಪುತಲೆ ಹುಳುವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಗರಿಯ ಕೆಳಮೈಯನ್ನು ಕೆರೆದು ತಿಂದು, ಮರವೆಲ್ಲ ಬೆಂಕಿ ತಾಗಿದಂತೆ ಒಣಗಿಸುವ ಹುಳು ಅದು. ಅದಕ್ಕೆ ಎರಡು ಉಪಾಯ. ಹುಳು ಹತ್ತಿದ ಗರಿಗಳನ್ನು ಕತ್ತರಿಸಿ ಸುಡುವುದು, ಔಷಧ ಹೊಡೆಯುವುದು ಒಂದು. ಗೋನಿಯೋಜಸ್ ಎಂಬ ಪುಟ್ಟ ಕಣಜದಂತಹ ಕೀಟಗಳನ್ನು ಬಿಡುವುದು ಇನ್ನೊಂದು. ಅವು ತಾವೇ ಹುಳುವನ್ನು ಹುಡುಕಿ ಅದರ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುತ್ತವೆ. ನಮ್ಮ ಕೈಗೆ ಎಟುಕದ ಮರದ ಹುಳುವನ್ನೂ ಅವು ಬಿಡುವುದಿಲ್ಲ. ಆದರೆ ಔಷಧ ಹೊಡೆದ ದಿನವೇ ಕೀಟವನ್ನು ಬಿಟ್ಟರೆ ಏನಾದೀತು? ಹುಳುವಿನ ಜೊತೆಗೆ ಕೀಟವೂ ಸತ್ತೀತು. ಆದ್ದರಿಂದ ಔಷಧ ಹೊಡೆದು ಕೆಲವು ವಾರ ಬಿಟ್ಟು ಕೀಟವನ್ನು ಬಿಡಬೇಕೆಂದು ತಿಳಿದವರು ಹೇಳುತ್ತಾರೆ. ವಿಕಿರಣದ ವಿಷಯವೂ ಹೀಗೆಯೇ. ದೇಹದ ಕೋಶಗಳಲ್ಲೆಲ್ಲ ವಿಕಿರಣಕ್ಕೆ ಬಲುಬೇಗ ಸಾಯುವ ಕೋಶಗಳೆಂದರೆ ರಕ್ತದ ಲಿಂಫೋಸೈಟುಗಳು, ಎಂದರೆ ಕಾವಲುಗಾರರೇ!

ಇನ್ನು ನಾಯಿಗಳಲ್ಲಿ ನಡೆದ ಕೆಲಸವನ್ನು ನೋಡೋಣ. ಮೂಳೆಗಂತಿ ದೊಡ್ಡ ನಾಯಿಗಳ ಮೃತ್ಯು. ರೋಗ ಪತ್ತೆಯಾಗುವ ಹೊತ್ತಿಗೆ ಹತ್ತರಲ್ಲಿ ಒಂಬತ್ತು ನಾಯಿಗಳಲ್ಲಿ ಅದರ ಬೀಜಗಳು ಕಣ್ಣಿಗೆ ಕಾಣದಂತೆ ಶ್ವಾಸಕೋಶಗಳನ್ನು ಸೇರಿರುತ್ತವೆ. ಕಾಲನ್ನು ಕತ್ತರಿಸಿದರೂ ಅರ್ಧದಷ್ಟು ನಾಯಿಗಳು ನಾಲ್ಕೈದು ತಿಂಗಳಲ್ಲಿ ತೀರಿಕೊಳ್ಳುತ್ತವೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದವರು ೨೦೧೭ರಲ್ಲಿ ಇಂತಹ ೧೦ ನಾಯಿಗಳ ವೃತ್ತಾಂತವನ್ನು ಪ್ರಕಟಿಸಿದರು. ವಾರಕ್ಕೆ ೯ ಗ್ರೇಯಂತೆ ನಾಲ್ಕು ವಾರ ವಿಕಿರಣ. ಅದಾದ ಬಳಿಕ, ಅದೇ ನಾಯಿಯ ರಕ್ತದಿಂದ ತೆಗೆದು ಪ್ರಯೋಗಶಾಲೆಯಲ್ಲಿ ಬೆಳೆಸಿದ ‘ಸಹಜ ಕೊಲೆಗಾರ’ ಕೋಶಗಳನ್ನು ಗೆಡ್ಡೆಗೇ ಚುಚ್ಚುವುದು. ಗುರುತುಚೀಟಿ ಇಲ್ಲದ ಕೋಶವನ್ನು ಕಂಡರೆ ಟಿ-ಕೋಶ ಕೈಚೆಲ್ಲಬಹುದು. ಈ ಕೋಶಗಳು ಚೀಟಿ ಇಲ್ಲದುದೇ ಅಪರಾಧವೆಂದು ಹೊಡೆಯುತ್ತವೆ. ಆರು ತಿಂಗಳ ಕೊನೆಯಲ್ಲಿ ೫ ನಾಯಿಗಳಲ್ಲಿ ರೋಗ ಬೇರೆಡೆಗೆ ಹರಡಿರಲಿಲ್ಲ.

ಇದನ್ನು ಓದಿ ಕುಣಿಯುವ ಮೊದಲು ಗಣಿತವನ್ನು ಕೇಳಬೇಕು. ಹತ್ತರಲ್ಲಿ ಐದು ಎಂದರೆ ನಿಜವಾದ ಪ್ರಮಾಣ ನೂರಕ್ಕೆ ೧೯ರಿಂದ ೮೧ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಜೊತೆಗೆ ಹೋಲಿಸಲು ವಿಕಿರಣವನ್ನು ಮಾತ್ರ ಪಡೆದ ಇನ್ನೊಂದು ಗುಂಪೂ ಅಲ್ಲಿರಲಿಲ್ಲ. ಇದು ಬಾಗಿಲು ತೆರೆದ ಸದ್ದು. ಒಳಗೇನಿದೆ ಎಂಬುದು ಬೇರೆಯ ಮಾತು.

ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾನಿಲಯದವರು ನಾಯಿಗೆಂದೇ ಹೊಂದಿಸಿದ ತಡೆಬಿಚ್ಚುವ ಔಷಧವನ್ನು ೨೦೧೭ರಲ್ಲಿ ಮೊದಲು ಪ್ರಯೋಗಿಸಿದರು. ಬಾಯಿಯ ಕಪ್ಪುಗಂತಿಯಿದ್ದ ೭ ನಾಯಿಗಳಲ್ಲಿ ಒಂದಕ್ಕೆ ಗುಣ ಕಂಡಿತು. ಒಂದೇ ಎಂದು ಮೂಗು ಮುರಿಯಬಾರದು. ಒಂದಾಯಿತಲ್ಲ ಎಂದು ನೋಡಬೇಕು. ೨೦೨೩ರಲ್ಲಿ ಅವರೇ, ರೋಗ ಶ್ವಾಸಕೋಶಕ್ಕೆ ಹರಡಿದ ನಾಯಿಗಳಿಗೆ ಈ ಔಷಧವನ್ನೂ ದೊಡ್ಡ ತುತ್ತಿನ ವಿಕಿರಣವನ್ನೂ ಜೋಡಿಸಿದ ಫಲವನ್ನು ವರದಿಮಾಡಿದರು. ವಿಕಿರಣ ಮೊದಲು ಮುಗಿದು, ಔಷಧ ಆಮೇಲೆ ಬಂದ ನಾಯಿಗಳೇ ಹೆಚ್ಚು ಕಾಲ ಬದುಕಿದುವು.

ನನಗೆ ಎಲ್ಲಕ್ಕಿಂತ ಹಿಡಿಸಿದುದು ಅಮೆರಿಕದ ಡಾರ್ಟ್‌ಮತ್‌ನ ಕೆಲಸ. ಅಲ್ಲಿ ಕಾವಲುಪಡೆಯನ್ನು ಎಬ್ಬಿಸಲು ಬಳಸಿದುದು ಅಲಸಂದೆಯ ವೈರಸ್ಸು! ನಮ್ಮ ಹೊಲಗಳಲ್ಲಿ ಮುಂಗಾರಿಗೆ ಹೆಸರಿನ ಜೊತೆ ಬಿತ್ತುವ ಅದೇ ಅಲಸಂದೆ. ಆಫ್ರಿಕಾದಲ್ಲಿ ಮೊದಲು ಗುರುತಿಸಲಾದ ಅಲಸಂದೆ ಮೊಸಾಯಿಕ್ ವೈರಸ್ಸು ಎಲೆಗೆ ಬಣ್ಣದ ಮಚ್ಚೆಗಳನ್ನು ತರುತ್ತದೆ. ಪ್ರಾಣಿಗೆ ಅದು ರೋಗ ತರಲಾರದು. ಅದರ ವ್ಯಾಸ ಸುಮಾರು ೩೦ ನ್ಯಾನೋಮೀಟರ್, ಎಂದರೆ ಒಂದು ಮಿಲಿಮೀಟರಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಸಾಲಾಗಿ ಕೂರಬಹುದು. ಅದರ ಕಣಗಳನ್ನು ಗೆಡ್ಡೆಯೊಳಕ್ಕೆ ಚುಚ್ಚಿದರೆ ಕಾವಲುಪಡೆಗೆ ‘ಶತ್ರು ಒಳಗಿದ್ದಾನೆ’ ಎಂಬ ಸೂಚನೆ ಸಿಕ್ಕುತ್ತದೆ. ಇಲಿಗಳಲ್ಲಿ ೨೦೧೬ರಲ್ಲಿ ಇದರ ಫಲ ಕಂಡಿತು. ಬಾಯಿಯ ಕಪ್ಪುಗಂತಿಯಿದ್ದ ಕೆಲವು ನಾಯಿಗಳಿಗೆ ವಿಕಿರಣದೊಡನೆ ಇಂತಹ ಕಣಗಳನ್ನು ಕೊಟ್ಟ ವಿವರ ೨೦೧೮ರಲ್ಲಿ ಪ್ರಕಟವಾಯಿತು. ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ ೧೮೯೧ರಲ್ಲಿ ಬ್ಯಾಕ್ಟೀರಿಯಾಗಳನ್ನು ಗೆಡ್ಡೆಗೆ ಚುಚ್ಚಿ ಆರಂಭಿಸಿದ ವಿಚಾರಕ್ಕೆ ಇದು ಮೊಮ್ಮಗುವಿದ್ದಂತೆ.

ವಿಕಿರಣ ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವಿಸಬಾರದು. ಇಲಿಗಳ ಗೆಡ್ಡೆಗಳ ಮೇಲೆ ನಡೆದು ೨೦೧೭ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ೮ ಗ್ರೇಯಂತೆ ಮೂರು ಬಾರಿ ಕೊಟ್ಟಾಗ ಕಾವಲುಪಡೆ ಎದ್ದಿತು. ಒಮ್ಮೆಲೇ ೨೦ ಗ್ರೇ ಕೊಟ್ಟಾಗ ಏಳಲಿಲ್ಲ. ಹೊಡೆತ ಅತಿಯಾದಾಗ, ಹೊರಬಿದ್ದ ಡಿ.ಎನ್.ಎ. ಚೂರುಗಳನ್ನು ನುಂಗಿಬಿಡುವ ಕಿಣ್ವವೊಂದನ್ನು ಕೋಶವೇ ತಯಾರಿಸುತ್ತದೆ. ಸಾಕ್ಷ್ಯ ನಾಶವಾದ ಮೇಲೆ ಎಚ್ಚರಿಕೆ ಎಲ್ಲಿಂದ ಬರಬೇಕು? ಮನುಷ್ಯರಲ್ಲಿಯೂ ಫಲ ಮಿಶ್ರವಾಗಿದೆ. ಶ್ವಾಸಕೋಶದ ಏಡಿಗಂತಿಯಲ್ಲಿ ವಿಕಿರಣ ಮುಗಿದ ಬಳಿಕ ಡುರ್ವಾಲುಮಾಬ್ ಎಂಬ ಔಷಧವನ್ನು ಕೊಟ್ಟಾಗ ರೋಗಿಗಳು ಹೆಚ್ಚು ಕಾಲ ಬದುಕಿದರು. ತಲೆ ಕತ್ತಿನ ಏಡಿಗಂತಿಯಲ್ಲಿ ಅವೆಲುಮಾಬ್ ಎಂಬುದನ್ನು ವಿಕಿರಣದ ಜೊತೆಜೊತೆಗೇ ಕೊಟ್ಟಾಗ ಪ್ರಯೋಜನವಾಗಲಿಲ್ಲವೆಂದು ೨೦೨೧ರಲ್ಲಿ ತಿಳಿದುಬಂದಿತು. ಕತ್ತಿನ ದುಗ್ಧಗ್ರಂಥಿಗಳಿಗೂ ಕಿರಣ ಬಿದ್ದು ಕಾವಲುಗಾರರ ಪಾಠಶಾಲೆಯೇ ಹಾಳಾಯಿತೆಂಬುದು ಒಂದು ಊಹೆ. ತೋಟದವರ ಲೆಕ್ಕ ನೆನಪಿಗೆ ಬರುತ್ತದಲ್ಲವೆ?

ಇನ್ನು ನಮ್ಮ ನಾಯಿ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಕೋಬಾಲ್ಟ್ ಯಂತ್ರವೂ ಇಲ್ಲ, ತಡೆಬಿಚ್ಚುವ ಔಷಧವೂ ಇಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ೧೯೭೩ರಿಂದ ಏಡಿಗಂತಿಯ ರೋಗಿಗಳನ್ನು ನೋಡಿಕೊಳ್ಳುತ್ತಿದೆ, ಅದು ಮನುಷ್ಯರಿಗೆ. ಆದರೆ ಈ ಅಂಟುಗಂತಿಯ ಮಟ್ಟಿಗೆ ನಾಯಿ ಭಾಗ್ಯಶಾಲಿ. ವಿಕಿರಣಕ್ಕೆ ಅದು ಸುಲಭವಾಗಿ ಮಣಿಯುತ್ತದೆ; ವಿಕಿರಣ ದೊರೆಯದಿದ್ದಲ್ಲಿ ವಿನ್‌ಕ್ರಿಸ್ಟೀನ್ ಎಂಬ ಚುಚ್ಚುಮದ್ದಿಗೂ ಮಣಿಯುತ್ತದೆ. ಅಂಗಳದಲ್ಲಿ ಬೆಳೆಯುವ ಕಾಶಿಕಣಗಿಲೆ ಗಿಡದಲ್ಲಿ ದೊರೆತ ಔಷಧವದು. ಕೋಶವಿಭಜನೆಯ ಕಾಲದಲ್ಲಿ ವರ್ಣತಂತುಗಳನ್ನು ಎಳೆದು ಹಂಚುವ ನೂಲುಗಳನ್ನು ಕೆಡಿಸುತ್ತದೆ. ವಾರಕ್ಕೊಂದರಂತೆ ರಕ್ತನಾಳಕ್ಕೇ ಕೊಡಬೇಕು. ಹೊರಗೆ ಸೋರಿದರೆ ಮಾಂಸ ಕೊಳೆಯುವಷ್ಟು ತೀಕ್ಷ್ಣವಾದುದರಿಂದ ಅದು ವೈದ್ಯರ ಕೆಲಸವೇ ಹೊರತು ನಮ್ಮದಲ್ಲ. ವಿದ್ಯಾರ್ಥಿಗಳು ಚಂದಾ ಎತ್ತಿದರು. ಪ್ರತಿ ಶನಿವಾರ ಆಟೋರಿಕ್ಷಾ ಸವಾರಿ ನಡೆಯಿತು. ಮೂರನೆಯ ವಾರಕ್ಕೆ ರಕ್ತ ನಿಂತಿತು. ಐದನೆಯ ಚುಚ್ಚುಮದ್ದಿನ ಹೊತ್ತಿಗೆ ಗೆಡ್ಡೆಯಿದ್ದ ಜಾಗ ಬೆರಳಿಗೆ ಮಾತ್ರ ತಿಳಿಯುವಂತಿತ್ತು. ವೈದ್ಯರ ಸಲಹೆಯಂತೆ ಸಂತಾನಹರಣ ಚಿಕಿತ್ಸೆಯನ್ನೂ ಆಮೇಲೆ ಮಾಡಿಸಿದರು. ಗಂತಿ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟುವ ದಾರಿ ಅದರಿಂದ ಬಹುಮಟ್ಟಿಗೆ ಮುಚ್ಚುತ್ತದೆ.

ವಿನ್‌ಕ್ರಿಸ್ಟೀನ್ ಕೊಟ್ಟ ನಾಯಿಗಳ ಗೆಡ್ಡೆಯ ಚೂರುಗಳನ್ನು ವಾರವಾರವೂ ತೆಗೆದು ಪರೀಕ್ಷಿಸಿದ ಅಧ್ಯಯನವೊಂದು ೨೦೧೮ರಲ್ಲಿ ಪ್ರಕಟವಾಗಿದೆ. ಅದರ ಪ್ರಕಾರ, ಔಷಧ ಬಿದ್ದ ಮೇಲೆ ಗೆಡ್ಡೆಯಲ್ಲಿ ಮೊದಲು ಎಚ್ಚರಿಕೆಯ ಸಂಕೇತಗಳು ಏಳುತ್ತವೆ. ಆಮೇಲೆ ಟಿ-ಕೋಶಗಳೂ ಸಹಜ ಕೊಲೆಗಾರ ಕೋಶಗಳೂ ಒಳಕ್ಕೆ ನುಗ್ಗುತ್ತವೆ. ಇದನ್ನು ತರಗತಿಯಲ್ಲಿ ಹೇಳಿದಾಗ, ಮೊದಲು ಪ್ರಶ್ನೆ ಕೇಳಿದ ಅದೇ ಹುಡುಗ, “ಹಾಗಾದರೆ ನಮ್ಮ ನಾಯಿಗೂ ಜೋಡಿ ಚಿಕಿತ್ಸೆಯೇ ಆಯಿತಲ್ಲ ಸಾರ್, ಕಿರಣದ ಬದಲು ಕಾಶಿಕಣಗಿಲೆ!” ಎಂದ. ಹೌದೆಂದೆ. ಹೊರಗೆ ಬಾಗಿಲ ಬಳಿ ಅದು ಯಾರದೋ ಬುತ್ತಿಯ ಮುದ್ದೆಯ ಚೂರನ್ನು ಕಾಲ ನಡುವೆ ಇಟ್ಟುಕೊಂಡು ತಿನ್ನುತ್ತಿತ್ತು.